ಯಾವ ಪಟ್ಟಿಗೆ ಸೇರಿಸುತ್ತೀರಿ? ನಮ್ಮ ಸಂಘಗಳಿಗೊಂದು ಬಹಿರಂಗ ಪತ್ರ

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ಕನ್ನಡ ಸಂಘ, ತುಳು ಕೂಟ ಹಾಗೂ ಜಾತೀಯ ಸಂಸ್ಥೆಗಳ ಪದಾಧಿಕಾರಿಗಳಿಗೆ, ಮಹಿಳಾ ವಿಭಾಗ, ಯುವ ವಿಭಾಗದವರಿಗೆ, ನನ್ನಂಥ ಆಜೀವ ಸದಸ್ಯರಿಗೆ,



ಈ ಪತ್ರವನ್ನು ಸಮಿತಿಯ ಸಭೆಗೆ ಕೊಟ್ಟರೆ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಸಾಲಿಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಚಹಾ ಬರುತ್ತದೆ, ಯಾರಿಗೋ ಲಾಸ್ಟ್ ಟ್ರೇನಿನ ಚಿಂತೆ ಹತ್ತುತ್ತದೆ. ಆದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ವಿಷಯ ನಮ್ಮ ಬಾಯಲ್ಲಿರುವ ಕೆಲವು ಹೆಸರುಗಳದ್ದು. ಯಾರನ್ನು ಯಾವ ಗುಂಪಿನ ಹೆಸರಿನಿಂದ ಕರೆಯುತ್ತೇವೆ, ಹಾಗೆ ಕರೆದ ಮೇಲೆ ಅವರಲ್ಲಿ ಏನು ಕಾಣುತ್ತೇವೆ, ಯಾವುದು ಕಣ್ಣಿಗೆ ಬೀಳುವುದೇ ನಿಲ್ಲುತ್ತದೆ ಎಂಬುದರದ್ದು.

ನಮಗೆ ಬಿದ್ದ ಹೆಸರಿನಿಂದಲೇ ಶುರುಮಾಡೋಣ. ‘ಮದ್ರಾಸಿ’. ತಮಾಷೆಯೆಂದರೆ ನಮ್ಮಲ್ಲಿ ಕೆಲವರ ಮಟ್ಟಿಗೆ ಅದು ಒಂದು ಕಾಲಕ್ಕೆ ಸುಳ್ಳೇನೂ ಆಗಿರಲಿಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿನ ಆಡಳಿತದಲ್ಲಿತ್ತು. ಮಂಗಳೂರಿನಲ್ಲಿ ಹಡಗು ಹತ್ತಿ ಬಂದ ಹೋಟೆಲ್ ಮಾಣಿ ಕಾಗದದ ಮೇಲೆ ಮದರಾಸಿನವನೇ. ಅದೇ ಹೊತ್ತಿಗೆ ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರದವರು ಮುಂಬಯಿ ಪ್ರಾಂತದವರು; ಅವರಿಗೆ ಈ ಊರು ಪರದೇಶವಲ್ಲ, ರಾಜಧಾನಿ. ಕಲಬುರಗಿ, ರಾಯಚೂರು, ಬೀದರಿನವರು ಹೈದರಾಬಾದ್ ರಾಜ್ಯದವರು. ಹೀಗೆ ಮೂರು ಸರಕಾರಗಳ ಕೆಳಗಿದ್ದ ಕನ್ನಡದವರು 1956ರಲ್ಲಿ ಒಂದು ರಾಜ್ಯದವರಾದರು. ಆದರೆ ಮುಂಬಯಿಯ ಬಾಯಲ್ಲಿ ಅದೇ ಹೊತ್ತಿಗೆ ಎಲ್ಲರೂ ಮದ್ರಾಸಿಗಳಾದರು. ಯಾರೊಬ್ಬರ ಮಟ್ಟಿಗೂ ನಿಜವಾಗಿ ಉಳಿಯದ ಮೇಲೆಯೇ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು.

1960ರಲ್ಲಿ ಶುರುವಾದ ‘ಮಾರ್ಮಿಕ್’ ವಾರಪತ್ರಿಕೆಯಲ್ಲಿ ಬಾಳ ಠಾಕ್ರೆಯವರು ಮುಂಬಯಿಯ ಕಂಪನಿ, ಕಚೇರಿಗಳ ಅಧಿಕಾರಿಗಳ ಹೆಸರಿನ ಪಟ್ಟಿಗಳನ್ನು ಅಚ್ಚುಹಾಕಿದರು. ಉದ್ದುದ್ದ ಲೇಖನ ಬೇಕಿರಲಿಲ್ಲ. ಮೇಲೊಂದು ಶೀರ್ಷಿಕೆ, ಕೆಳಗೆ ದಕ್ಷಿಣದ ಹೆಸರುಗಳ ಸಾಲು. ಅದರ ಹಿಂದೆ ನಿಜವಾದ ಸಂಕಟವೂ ಇತ್ತೆಂಬುದನ್ನು ಮರೆಯಬಾರದು: ಹೋರಾಡಿ ಮಹಾರಾಷ್ಟ್ರ ರಾಜ್ಯ ಪಡೆದ ಮರಾಠಿ ಹುಡುಗರಿಗೆ ರಾಜ್ಯ ಸಿಕ್ಕಿತ್ತು, ನೌಕರಿ ಸಿಕ್ಕಿರಲಿಲ್ಲ. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ‘ಲುಂಗಿ ಹಟಾವ್, ಪುಂಗಿ ಬಜಾವ್’ ಎಂಬ ಕೂಗು ಆ ವರ್ಷಗಳದ್ದು. ಮರುವರ್ಷ, 1967ರಲ್ಲಿ, ಸೇನೆಗೆ ಮೊದಲ ದೊಡ್ಡ ಚುನಾವಣಾ ಗೆಲುವು ತಂದುಕೊಟ್ಟದ್ದು ನಮ್ಮ ಥಾಣೆಯ ನಗರಸಭೆಯೇ. 1969ರ ಫೆಬ್ರವರಿಯಲ್ಲಿ ಬೆಳಗಾವಿಯ ಗಡಿ ವಿಚಾರಕ್ಕೆ ಮುಂಬಯಿ ಹೊತ್ತಿಕೊಂಡಾಗ ಉಡುಪಿ ಹೋಟೆಲುಗಳು ಗುರಿಯಾದವು. ಪಟ್ಟಿಯಲ್ಲಿದ್ದವನು ಕಚೇರಿಯ ಅಧಿಕಾರಿ. ಕಲ್ಲು ಬಿದ್ದದ್ದು ಇಡ್ಲಿ ಮಾರುವವನ ಗಾಜಿಗೆ. ಒಂದು ಶೀರ್ಷಿಕೆಯ ಕೆಳಗೆ ಬಂದ ಮೇಲೆ ಇಬ್ಬರ ನಡುವೆ ವ್ಯತ್ಯಾಸ ಕಾಣುವುದು ಯಾರಿಗೂ ಬೇಕಿರಲಿಲ್ಲ.

(1968ರಲ್ಲಿ ‘ಪಡೋಸನ್’ ಬಂತು. ಮೆಹಮೂದ್ ಜುಟ್ಟು ಬಿಟ್ಟ ಸಂಗೀತದ ಮೇಷ್ಟ್ರಾಗಿ ಇಡೀ ದೇಶವನ್ನು ನಗಿಸಿದರು; ನಾವೂ ನಕ್ಕೆವು, ಈಗಲೂ ಟಿವಿಯಲ್ಲಿ ಬಂದರೆ ನಗುತ್ತೇವೆ. ಚಿತ್ರ ಚೆನ್ನಾಗಿಯೇ ಇದೆ. ಆದರೆ ಆ ವರ್ಷಗಳಲ್ಲಿ ಹೋಟೆಲಿನ ಗಲ್ಲಾದ ಮೇಲೆ ಕೂತವರಿಗೆ ಗಿರಾಕಿಗಳು ಆ ಧಾಟಿಯಲ್ಲಿ ‘ಅಯ್ಯಯ್ಯೋ’ ಎಂದಾಗ ಹೇಗನ್ನಿಸಿತ್ತೆಂದು ನಿಮ್ಮ ಸಂಘದ ಹಿರಿಯರನ್ನು ಕೇಳಿ ನೋಡಿ.)

ಹೀಗೆ ಹೆಸರು ಹಚ್ಚಿ ನೋಡುವುದು ಮುಂಬಯಿಯೊಂದರ ಗುಣವಲ್ಲ, ಕಣ್ಣಿನದೇ ಗುಣ ಎಂದು ತೋರಿಸಿಕೊಟ್ಟ ಒಬ್ಬರಿದ್ದಾರೆ, ಹೆನ್ರಿ ತಾಜ್‌ಫೆಲ್. ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಯಲ್ಲಿದ್ದು ಜರ್ಮನರ ಕೈಗೆ ಸಿಕ್ಕಿಬಿದ್ದರು. ತಾನು ಪೋಲೆಂಡಿನವನೆಂಬುದನ್ನು ಮುಚ್ಚಿಟ್ಟು, ಫ್ರಾನ್ಸಿನವನೆಂಬ ಲೆಕ್ಕದಲ್ಲೇ ಸೆರೆಶಿಬಿರದಲ್ಲಿ ಯುದ್ಧ ಮುಗಿಯುವವರೆಗೂ ಬದುಕಿ ಉಳಿದರು. ಹೊರಬಂದಾಗ ಮನೆಯವರಲ್ಲಿ ಹೆಚ್ಚಿನವರು ಉಳಿದಿರಲಿಲ್ಲ. ಮುಂದೆ ಮನಶ್ಶಾಸ್ತ್ರಜ್ಞರಾದ ಅವರು 1963ರಲ್ಲಿ ಸಹೋದ್ಯೋಗಿ ವಿಲ್ಕ್ಸ್ ಜೊತೆ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಎಂಟು ಗೆರೆಗಳು, ಒಂದಕ್ಕಿಂತ ಒಂದು ಸ್ವಲ್ಪ ಸ್ವಲ್ಪವೇ ಉದ್ದ. ಬರಿದೇ ತೋರಿಸಿದಾಗ ಜನ ಅಳತೆಯನ್ನು ಹೆಚ್ಚು ಕಡಿಮೆ ಸರಿಯಾಗಿಯೇ ಅಂದಾಜು ಮಾಡಿದರು. ಗಿಡ್ಡ ನಾಲ್ಕಕ್ಕೆ ‘ಎ’, ಉದ್ದ ನಾಲ್ಕಕ್ಕೆ ‘ಬಿ’ ಎಂದು ಹೆಸರು ಹಚ್ಚಿದೊಡನೆ ‘ಎ’ಯ ಕೊನೆಯ ಗೆರೆಗೂ ‘ಬಿ’ಯ ಮೊದಲ ಗೆರೆಗೂ ನಡುವಿನ ಅಂತರ ಅವರ ಕಣ್ಣಿಗೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಂಡಿತು. ಗೆರೆಗೆ ಜಾತಿಯಿಲ್ಲ, ಭಾಷೆಯಿಲ್ಲ, ನೌಕರಿಯ ಪೈಪೋಟಿಯಿಲ್ಲ. ಆದರೂ ಹೀಗಾಯಿತು. 1970ರ ಸುಮಾರಿಗೆ ಬ್ರಿಸ್ಟಲಿನ ಶಾಲಾ ಹುಡುಗರನ್ನು ಚಿತ್ರಕಲೆಯ ಅಭಿರುಚಿಯ ನೆಪದಲ್ಲಿ ಎರಡು ಗುಂಪು ಮಾಡಿ, ಬೇರೆಯವರಿಗೆ ಹಣ ಹಂಚಲು ಹೇಳಿದರು. ತಮ್ಮ ಗುಂಪಿನಲ್ಲಿ ಯಾರಿದ್ದಾರೆಂದು ಹುಡುಗರಿಗೆ ಗೊತ್ತಿರಲಿಲ್ಲ, ತಮಗೆ ಸ್ವಂತ ಲಾಭವೂ ಇರಲಿಲ್ಲ. ಆದರೂ ‘ನಮ್ಮವರಿಗೆ’ ಹೆಚ್ಚು ಕೊಟ್ಟರು. ಒಟ್ಟು ಕಡಿಮೆ ಸಿಕ್ಕರೂ ಪರವಾಗಿಲ್ಲ, ಆಚೆಯವರಿಗಿಂತ ಮುಂದಿದ್ದರೆ ಸಾಕು ಎಂಬಂತೆ ಹಂಚಿದವರೂ ಇದ್ದರು.

ಈ ಪ್ರಯೋಗ ನೋಡಲು ಬ್ರಿಸ್ಟಲಿಗೆ ಹೋಗಬೇಕಾಗಿಲ್ಲ. ಬೆಳಗ್ಗೆ ಎಂಟರ ಫಾಸ್ಟ್ ಲೋಕಲ್ ಸಾಕು. ಕಲ್ಯಾಣದಲ್ಲಿ ಹತ್ತಿದವರಿಗೆ ಡೊಂಬಿವಲಿಯವರು ನುಗ್ಗುವವರು. ಡೊಂಬಿವಲಿಯಿಂದ ಹಿಂದಕ್ಕೆ ಹೋಗಿ ಸೀಟು ಹಿಡಿದು ಬಂದವರು ಎಲ್ಲರ ಬಾಯಲ್ಲೂ ಕಳ್ಳರು. ಇವರೆಲ್ಲ ಸೇರಿ ‘ದಿವಾದವರು’ ಎಂದರೆ ಮೂಗು ಮುರಿಯುತ್ತಾರೆ. 2015ರ ಜನವರಿ 2ರಂದು ದಿವಾದಲ್ಲಿ ಜನ ಹಳಿಗೆ ಇಳಿದಾಗ ನಮ್ಮ ಡಬ್ಬಿಯಲ್ಲಿ ಕೇಳಿಬಂದ ಮಾತು ‘ದಿವಾದವರೇ ಹಾಗೆ’ ಎಂದು. ಅವರಿಗೆ ರೈಲು ಸಾಲುತ್ತಿಲ್ಲ ಎಂಬುದು ಆಮೇಲಿನ ಮಾತು. ದಾದರಿನಲ್ಲಿ ಇಳಿದು ಮೆಟ್ಟಿಲು ಹತ್ತುವಾಗ ಈ ಹೆಸರುಗಳೆಲ್ಲ ಉದುರಿಹೋಗುತ್ತವೆ. ಸಂಜೆ ಮತ್ತೆ ಹತ್ತಿಕೊಳ್ಳುತ್ತವೆ.

ಎಲ್ಲ ಹೆಸರುಗಳೂ ಹಾಗೆ ಉದುರುವುದಿಲ್ಲ. ಮದ್ರಾಸಿ ಎಂಬುದು ಹಳತಾಗಿ ‘ಅಣ್ಣಾ’ ಆಯಿತು, ‘ಶೆಟ್ಟಿ’ ಆಯಿತು. ಗಲ್ಲಾದ ಮೇಲೆ ಕೂತವರು ಪೂಜಾರಿ ಇರಲಿ, ಕಾಮತ್ ಇರಲಿ, ರಾವ್ ಇರಲಿ, ಈ ಊರಿಗೆ ಅವರು ಶೆಟ್ಟಿ. ನಾವೂ ಅದಕ್ಕೆ ಓಗೊಟ್ಟುಕೊಂಡು ಬಂದೆವು. ವ್ಯಾಪಾರಕ್ಕೆ ಏನೂ ತೊಂದರೆಯಿರಲಿಲ್ಲ. ಅಷ್ಟರಲ್ಲಿ ನಗರಕ್ಕೆ ಹೊಸ ಹೆಸರು ಸಿಕ್ಕಿತ್ತು: ‘ಭೈಯಾ’. 2008ರ ಅಕ್ಟೋಬರ್ 19ರಂದು ರೈಲ್ವೆ ನೇಮಕಾತಿ ಪರೀಕ್ಷೆ ಬರೆಯಲು ಬಂದ ಉತ್ತರದ ಹುಡುಗರನ್ನು ಮುಂಬಯಿ, ಥಾಣೆ ಕಡೆಯ ಪರೀಕ್ಷಾ ಕೇಂದ್ರಗಳಲ್ಲಿ ರಾಜ್ ಠಾಕ್ರೆಯವರ ಪಕ್ಷದವರು ಹೊಡೆದು ಓಡಿಸಿದರು. ಠಾಕ್ರೆಯವರನ್ನು ಬಂಧಿಸಿ ಕಲ್ಯಾಣದ ಕೋರ್ಟಿನಲ್ಲೂ ಹಾಜರುಪಡಿಸಿದರು. ಆ ದಿನ ಅಂಗಡಿಗಳ ಶಟರ್ ಇಳಿದದ್ದು ಇಲ್ಲಿಯವರಿಗೆ ನೆನಪಿರಬೇಕು. ಅರುವತ್ತರ ದಶಕವನ್ನು ಕಂಡ ನಮ್ಮ ಹಿರಿಯರು ಆಗ ಏನು ಹೇಳುತ್ತಾರೆಂದು ಕಾದಿದ್ದೆ. ಹೇಳಿದವರಿದ್ದರು, ಆದರೆ ಕಡಿಮೆ. ಹೆಚ್ಚಾಗಿ ಕೇಳಿದ್ದು, ‘ಈ ಭೈಯಾಗಳು ಬಂದು ಊರು ಹಾಳಾಯಿತು ಮಾರಾಯ್ರೆ.’ ಈಗ ನಮ್ಮವರ ಹೋಟೆಲುಗಳ ಅಡುಗೆಮನೆಯಲ್ಲಿ ಕುಂದಾಪುರದ ಹುಡುಗರು ಸಿಗುವುದಿಲ್ಲ. ದೋಸೆ ಹುಯ್ಯುವವನು ಉತ್ತರ ಪ್ರದೇಶದವನು, ಪಾತ್ರೆ ತೊಳೆಯುವವನು ಜಾರ್ಖಂಡಿನವನು, ಟೇಬಲ್ ಒರೆಸುವವನು ನೇಪಾಳದವನು. ಮೂವರಿಗೂ ಗಲ್ಲಾದಿಂದ ಬರುವ ಕರೆ ಒಂದೇ. ಅವರು ರಾತ್ರಿ ಮಲಗುವುದು ಹಿಂದೆ ನಮ್ಮ ಮಾಣಿಗಳು ಮಲಗುತ್ತಿದ್ದ ಅದೇ ಮಾಳಿಗೆಯಲ್ಲಿ. ಒಂದು ವ್ಯತ್ಯಾಸವಿದೆ: ನಮ್ಮ ಮಾಣಿಗಳಿಗೆ ರಾತ್ರಿ ಶಾಲೆಗಳಿದ್ದವು.

ಇಲ್ಲಿ ಒಂದು ಮಾತು ಸ್ಪಷ್ಟಮಾಡಬೇಕು, ಇಲ್ಲದಿದ್ದರೆ ‘ಇವರಿಗೆ ಸಂಘಗಳೇ ಬೇಡವಂತೆ’ ಎಂದು ಸುದ್ದಿಯಾಗುತ್ತದೆ. ಗುಂಪಿನ ಹೆಸರು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಊರಿನಿಂದ ಬಂದ ಹುಡುಗನಿಗೆ ಖೋಲಿಯಲ್ಲಿ ಚಾಪೆಯಷ್ಟು ಜಾಗ ಸಿಕ್ಕಿದ್ದು ‘ನಮ್ಮವ’ ಎಂಬ ಒಂದು ಶಬ್ದದಿಂದ. ಮೊಗವೀರರು, ಬಿಲ್ಲವರು, ಬಂಟರು, ದೇವಾಡಿಗರು, ಸಾರಸ್ವತರು ಇಲ್ಲಿ ಕಟ್ಟಿದ ಸಂಸ್ಥೆಗಳು, ಹಗಲು ಕಪ್ಪು ಬಸಿ ತೊಳೆದು ರಾತ್ರಿ ಮೆಟ್ರಿಕ್ ಓದಿ ವಕೀಲರಾದವರು, ಬ್ಯಾಂಕ್ ಮ್ಯಾನೇಜರ್ ಆದವರು, ಇವೆಲ್ಲ ಆ ಹೆಸರಿನ ಫಲವೇ. ಬೇರೆ ಊರುಗಳಲ್ಲಿ ಜಾತಿಯ ಹೆಸರು ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ‘ಜಾತೀಯ ಸಂಸ್ಥೆ’ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚುಹಾಕುತ್ತೇವೆ. ಅದರಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿದೆ ಎಂದೇ ನನ್ನ ಎಣಿಕೆ. ಪ್ರಶ್ನೆ ಬೇರೆ: ಆ ‘ನಮ್ಮವ’ ಎಂಬುದು ಎಲ್ಲಿಯವರೆಗೆ ಚಾಚುತ್ತದೆ, ಎಲ್ಲಿ ನಿಂತುಬಿಡುತ್ತದೆ?

ಅದು ಎಲ್ಲಿ ನಿಲ್ಲುತ್ತದೆಂದು ನೋಡಬೇಕಾದರೆ ಬೆಳಗ್ಗೆ ಏಳೂವರೆಗೆ ಯಾವುದಾದರೂ ಕೂಲಿ ನಾಕಾಕ್ಕೆ ಹೋಗಿ. ಥಾಣೆ, ಕಲ್ಯಾಣ್, ತುರ್ಭೆ, ಎಲ್ಲ ಕಡೆಯೂ ಇವೆ. ತಲೆಗೆ ಟವೆಲ್ ಸುತ್ತಿದ ಗಂಡಸರು, ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟ ಹೆಂಗಸರು, ಪಕ್ಕದಲ್ಲಿ ಡಬ್ಬಿ, ಕೆಲವರ ಸೊಂಟದಲ್ಲಿ ಮಗು. ಠೇಕೇದಾರ ಬಂದು ‘ಎರಡು ಮಿಸ್ತ್ರಿ, ನಾಲ್ಕು ಬಿಗಾರಿ’ ಎಂದು ಬೆರಳು ತೋರಿಸಿ ಟೆಂಪೋ ಹತ್ತಿಸಿಕೊಂಡು ಹೋಗುತ್ತಾನೆ. ಕಿವಿಗೊಟ್ಟರೆ ಅಲ್ಲಿ ಕನ್ನಡ ಕೇಳುತ್ತದೆ: ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ. ಘೋಡ್‌ಬಂದರ್ ರಸ್ತೆಯ ಟವರುಗಳು, ಕಲ್ಯಾಣ್–ಶಿಳ್ ರಸ್ತೆಯ ಸಂಕೀರ್ಣಗಳು, ಖಾರ್ಘರ್, ಉಲ್ವೆ, ಇಲ್ಲೆಲ್ಲ ಘಮೇಲಾ ಹೊತ್ತವರಲ್ಲಿ ಈ ಜನ ಇದ್ದಾರೆ. ನಮ್ಮ ಬಾಯಲ್ಲಿ ಇವರು ಕನ್ನಡಿಗರಲ್ಲ. ‘ಗುಲ್ಬರ್ಗಾದವರು’, ‘ನಾಕಾದವರು’, ಸ್ವಲ್ಪ ಸಿಟ್ಟಿನಲ್ಲಿದ್ದರೆ ‘ವಡ್ಡರು’, ಅವರು ಆ ಜಾತಿಯವರಲ್ಲದಿದ್ದರೂ.

ನಮ್ಮ ಕಟ್ಟಡದಲ್ಲಿ ತಾರಸಿಯ ಸೋರಿಕೆ ಕೆಲಸ ನಡೆದಾಗ ನೋಡಿದ್ದು. ಸೊಸೈಟಿಯ ಕಮಿಟಿಯಲ್ಲೂ ಸಂಘದಲ್ಲೂ ಇರುವ ನೆರೆಯವರೊಬ್ಬರು ಕೆಲಸದ ಹೆಂಗಸರೊಡನೆ ಉದ್ದಕ್ಕೂ ತಮ್ಮ ಮುಂಬಯಿ ಹಿಂದಿಯಲ್ಲೇ ವ್ಯವಹರಿಸುತ್ತಿದ್ದರು. ‘ಇಧರ್ ಸೇ ಉಠಾವ್, ಉಧರ್ ಡಾಲೋ.’ ಅದೇ ನಡುವೆ ಫೋನು ಬಂದರೆ ಕನ್ನಡದಲ್ಲಿ ರಾಜ್ಯೋತ್ಸವದ ಪೆಂಡಾಲಿನ ಬಾಡಿಗೆ ಚೌಕಾಸಿ. ಒಂದು ದಿನ ಆ ಹೆಂಗಸರಲ್ಲೊಬ್ಬಳು ಬುಟ್ಟಿ ಇಳಿಸಿ ಕೇಳಿಯೇಬಿಟ್ಟಳು: ‘ನಮಗ ಕನ್ನಡ ತಿಳೀತದ್ರೀ ಯಪ್ಪಾ. ಹಿಂದ್ಯಾಗ ಯಾಕ ಒದರ್ತೀರಿ?’ ಅವರು ನಕ್ಕು, ‘ಓಹ್, ನೀವು ಗುಲ್ಬರ್ಗಾದವರಾ’ ಎಂದು ಒಳಗೆ ಹೋದರು. ಅವರು ಕೆಟ್ಟವರಲ್ಲ, ಸಂಘದ ವಿದ್ಯಾರ್ಥಿವೇತನಕ್ಕೆ ಪ್ರತಿವರ್ಷ ತಪ್ಪದೆ ಹಣ ಕೊಡುವವರು. ಅವಳ ಮಾತು ಕಿವಿಗೆ ಬಿದ್ದಿತು, ಆದರೆ ‘ಕನ್ನಡಿಗರು’ ಎಂಬ ಅವರ ಪಟ್ಟಿಯಲ್ಲಿ ಬುಟ್ಟಿ ಹೊತ್ತವರಿಗೆ ಜಾಗವೇ ಇರಲಿಲ್ಲ.

‘ಅವರಲ್ಲಿ ಬಹಳ ಜನ ಲಂಬಾಣಿಗಳು, ಮನೆಮಾತು ಕನ್ನಡವಲ್ಲ’ ಎಂದು ಹೇಳುವವರಿದ್ದಾರೆ. ಸರಿ, ಮನೆಮಾತಿನ ಲೆಕ್ಕವನ್ನೇ ಹಿಡಿಯೋಣ. ಈ ಪತ್ರ ಓದುತ್ತಿರುವ ಪದಾಧಿಕಾರಿಗಳಲ್ಲಿ ಎಷ್ಟು ಜನರ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ? ತುಳು ಮಾತಾಡುತ್ತೀರಿ, ಕೊಂಕಣಿ ಮಾತಾಡುತ್ತೀರಿ, ಬ್ಯಾರಿ ಮಾತಾಡುವವರೂ ಇರಬೇಕಿತ್ತು, ನಮ್ಮ ಸಭೆಗಳಲ್ಲಿ ಕಾಣುವುದು ಅಪರೂಪ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತವರು ಕನ್ನಡಿಗರಾಗಬಹುದಾದರೆ (ಆಗಬಹುದು, ಮುಂಬಯಿಯಲ್ಲಿ ಕನ್ನಡವನ್ನು ಕಾಪಾಡಿದವರೇ ಅವರು), ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ ಮಾತಾಡುವವರು ಯಾಕೆ ಆಗಬಾರದು? ಒಂದು ಕಡೆ ಸಮುದ್ರ, ಯಕ್ಷಗಾನ, ಮೀನು ಸಾರು ಇದೆ. ಇನ್ನೊಂದು ಕಡೆ ತಾಂಡಾ, ಜೋಳದ ರೊಟ್ಟಿ, ಬಿಸಿಲು. ಭಾಷೆಯ ಹೆಸರು ಹೇಳುತ್ತ ನಾವು ಅಳೆಯುತ್ತಿರುವುದು ಇನ್ನೇನನ್ನೋ.

ಇನ್ನು ಸರಕಾರದ ಪಟ್ಟಿಗಳ ಕಡೆ ನೋಡಿದರೆ, ಹೆಸರುಗಳ ಆಟದಲ್ಲಿ ಈ ಲಂಬಾಣಿಗಳಷ್ಟು ಅಲೆದವರು ಬೇರೆಯಿಲ್ಲ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ. ಭೀಮಾ ನದಿ ದಾಟಿ ಮಹಾರಾಷ್ಟ್ರಕ್ಕೆ ಬಂದರೆ ವಿಮುಕ್ತ ಜಾತಿ. ಪೂರ್ವಕ್ಕೆ ತಿರುಗಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಒಂದೇ ತಾಂಡಾದ ಅಕ್ಕತಂಗಿಯರನ್ನು ಮೂರು ದಿಕ್ಕಿಗೆ ಮದುವೆ ಮಾಡಿಕೊಟ್ಟರೆ ಅವರ ಮಕ್ಕಳು ಮೂರು ಪಟ್ಟಿಯವರು. ಯಾದಗಿರಿಯಿಂದ ತಂದ ಜಾತಿ ಪ್ರಮಾಣಪತ್ರ ಕಲ್ಯಾಣದ ತಹಸೀಲು ಕಚೇರಿಯಲ್ಲಿ ಮೀಸಲಾತಿಗೆ ಬರುವುದಿಲ್ಲ, ಏಕೆಂದರೆ ವಲಸೆ ಬಂದವರಿಗೆ ಆ ಸೌಲಭ್ಯ ಹುಟ್ಟಿದ ರಾಜ್ಯದಲ್ಲೇ. ಊರಲ್ಲಿ ಮಳೆಯಿಲ್ಲ, ಇಲ್ಲಿ ಪಟ್ಟಿಯಿಲ್ಲ.

ಈಚೆಗೆ ಒಂದೇ ಒಂದು ಸಲ ಮಾತ್ರ ನಾವೂ ನಾಕಾದವರೂ ಒಂದು ಹೆಸರಿನ ಕೆಳಗೆ ಬಂದಿದ್ದೆವು. ಆ ಹೆಸರು ಇಟ್ಟದ್ದು ಮರಾಠಿಗರಲ್ಲ, ನಮ್ಮ ತವರೇ. 2020ರ ಮೇ ತಿಂಗಳು ನೆನಪಿಸಿಕೊಳ್ಳಿ. ಹೋಟೆಲುಗಳು ಮುಚ್ಚಿದ್ದವು, ಕಟ್ಟಡದ ಕೆಲಸ ನಿಂತಿತ್ತು. ಹೋಟೆಲಿನವರು ಕಾರು, ಬಸ್ಸು ಮಾಡಿಕೊಂಡು ಊರಿಗೆ ಹೊರಟರು. ನಾಕಾದವರು ಸಿಕ್ಕ ಲಾರಿ ಹತ್ತಿದರು, ಸಿಗದವರು ನಡೆದರು. ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರವೂ ಸೇರಿ ಕೆಲವು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಬಾಗಿಲು ಮುಚ್ಚಿತು. ದಿನಾ ಸಂಜೆಯ ಬುಲೆಟಿನ್ನಿನಲ್ಲಿ ಸೋಂಕಿತರ ಸಂಖ್ಯೆಯ ಮುಂದೆ ಒಂದು ಷರಾ ಇರುತ್ತಿತ್ತು: ಮುಂಬಯಿಯಿಂದ, ಮಹಾರಾಷ್ಟ್ರದಿಂದ ವಾಪಸಾದವರು. ಜೂನ್ 2ರಂದು ರಾಜ್ಯದಲ್ಲಿ 388 ಹೊಸ ಪ್ರಕರಣಗಳು ಬಂದವು, ಬಹುಪಾಲು ಮಹಾರಾಷ್ಟ್ರದಿಂದ ಹೋದವರದ್ದೇ. ಜಿಲ್ಲೆಗಳಲ್ಲಿ ಮೊದಲನೆಯದು ಉಡುಪಿ, ಎರಡನೆಯದು ಕಲಬುರಗಿ.

ಊರಿನ ಬ್ರಹ್ಮಕಲಶಕ್ಕೆ, ಶಾಲೆಯ ಹೊಸ ಕೋಣೆಗೆ, ಯಕ್ಷಗಾನ ಮೇಳದ ಹರಕೆಯಾಟಕ್ಕೆ ಹಣ ಕಳಿಸುತ್ತಿದ್ದಾಗ ನಾವು ‘ಮುಂಬಯಿ ದಾನಿಗಳು’. ಫಲಕದಲ್ಲಿ ಹೆಸರು, ಹೆಗಲಿಗೆ ಶಾಲು. ಆ ಮೇ ತಿಂಗಳಲ್ಲಿ ಅದೇ ಶಾಲೆಯ ಅದೇ ಕೋಣೆಯಲ್ಲಿ ಕ್ವಾರಂಟೈನ್, ಹೊರಗೆ ಹಗ್ಗ ಕಟ್ಟಿ, ‘ಮುಂಬಯಿಯವರು ಬಂದಿದ್ದಾರೆ, ಆ ಕಡೆ ಹೋಗಬೇಡಿ.’ ಮಂಡ್ಯದ ಕೆ.ಆರ್. ಪೇಟೆ, ನಾಗಮಂಗಲದವರಿಗೂ ಇದೇ ಅನುಭವ. ರೋಗದ ಭಯ ನಿಜವಾದದ್ದು, ಪ್ರತ್ಯೇಕವಾಗಿ ಇರಬೇಕಾಗಿದ್ದದ್ದೂ ನಿಜ. ಅದರ ಬಗ್ಗೆ ತಕರಾರಿಲ್ಲ. ನಾನು ಹೇಳುವುದು ನೋಟದ ಬಗ್ಗೆ. ವರ್ಷಕ್ಕೆರಡು ಬಾರಿ ಬಂದು ಹೋಗುವ ಸುಂದರಣ್ಣ, ಲೀಲಕ್ಕ ಎಂದು ಕಾಣುತ್ತಿದ್ದವರು ಒಂದು ವಾರದೊಳಗೆ ‘ಮುಂಬಯಿಯವರು’ ಎಂದಷ್ಟೇ ಕಾಣತೊಡಗಿದರು. ಅಲ್ಲಿ ಯಾದಗಿರಿಯ ಶಾಲೆಯೊಂದರ ಕೋಣೆಯಲ್ಲಿ ತುರ್ಭೆಯ ಬಿಗಾರಿಯೂ ಹೀಗೆಯೇ ಕೂತಿದ್ದ. ಬುಲೆಟಿನ್ನಿನ ಆ ಷರಾದಲ್ಲಿ ಹೋಟೆಲ್ ಮಾಲಕರಿಗೂ ಅವನಿಗೂ ವ್ಯತ್ಯಾಸವಿರಲಿಲ್ಲ. ಹದಿನಾಲ್ಕು ದಿನ ಕಳೆದು ಹಗ್ಗ ಬಿಚ್ಚಿದ ಮೇಲೆ ಇಬ್ಬರೂ ಇಲ್ಲಿಗೇ ಮರಳಿ ಬಂದರು. ಬಂದವರೇ ಹಳೆಯ ಹೆಸರುಗಳನ್ನೂ ತಂದುಕೊಂಡರು.

ಈಚಿನದನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಕಹಿಯೆನಿಸಬಹುದು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಬಳಿ ಮರಾಠಿ ಮಾತಾಡಲಿಲ್ಲವೆಂದು ಬಸ್ ಕಂಡಕ್ಟರಿಗೆ ಹೊಡೆದರು, ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿಗೂ ಚಾಲಕನಿಗೂ ಮಸಿ ಬಳಿದರು, ಬಸ್ಸುಗಳು ನಿಂತವು. ಜುಲೈ ಮೊದಲ ವಾರ ನಮ್ಮದೇ ಜಿಲ್ಲೆಯ ಮೀರಾ ರೋಡಿನಲ್ಲಿ ಅಂಗಡಿಯವನೊಬ್ಬನಿಗೆ ಮರಾಠಿಯ ವಿಷಯಕ್ಕೆ ಕಪಾಳಕ್ಕೆ ಹೊಡೆದ ವೀಡಿಯೊ ಎಲ್ಲರ ಫೋನಿಗೂ ಬಂತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆಗ ಬರೆದವರೆಲ್ಲ, ‘ಇದು ಸರಿಯಲ್ಲ, ಎಲ್ಲರೂ ದುಡಿಯಲು ಬಂದವರು’ ಎಂದೇ ಬರೆದರು. ಅದೇ ಗುಂಪುಗಳಲ್ಲಿ, ಅದೇ ವರ್ಷ, ಬೆಂಗಳೂರಿನಲ್ಲಿ ಯಾರೋ ‘ಹಿಂದಿವಾಲಾ’ನನ್ನು ಸುತ್ತುಗಟ್ಟಿ ಕನ್ನಡ ಮಾತಾಡೆಂದು ಗದರಿಸುವ ವೀಡಿಯೊಗಳಿಗೆ ಬಿದ್ದ ಚಪ್ಪಾಳೆಯ ಚಿತ್ರಗಳನ್ನು ಎಣಿಸಿದ್ದೀರಾ? ನೆಲದ ಭಾಷೆ ಕಲಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಥಾಣೆಯಲ್ಲಿ ಮರಾಠಿ ಕಲಿಯದೆ ದಶಕಗಟ್ಟಲೆ ಕಳೆದವರನ್ನು ನಾನು ಮೆಚ್ಚುವುದಿಲ್ಲ, ಬೆಂಗಳೂರಿನಲ್ಲಿ ಕನ್ನಡ ಕಲಿಯದವರನ್ನೂ ಮೆಚ್ಚುವುದಿಲ್ಲ. ಆದರೆ ಕಲ್ಯಾಣದಲ್ಲಿ ‘ದುಡಿಯಲು ಬಂದವನು’ ಆಗಿರುವ ಮನುಷ್ಯ ಬೆಂಗಳೂರಿನ ವೀಡಿಯೊದಲ್ಲಿ ‘ವಲಸಿಗ’ನಾಗಿಬಿಟ್ಟರೆ, ಬದಲಾದದ್ದು ಅವನ ನಡತೆಯಲ್ಲ, ನಾವು ನಿಂತ ಜಾಗ.

ಇದನ್ನೆಲ್ಲ ಹೇಳಿ ಏನು ಮಾಡಬೇಕೆಂದು ಕೇಳುತ್ತೀರಿ. ಭಾವೈಕ್ಯದ ಭಾಷಣ ಬೇಡ, ಅದು ಸಾಕಷ್ಟಿದೆ. ಕೆಲಸದ ಮಾತಿಗೆ ಬರುತ್ತೇನೆ.

ಕಟ್ಟಡ ಕಾರ್ಮಿಕರಿಗೆಂದು 1996ರಲ್ಲಿ ಬಂದ ಕಾನೂನಿನ ಕೆಳಗೆ ರಚನೆಯಾದ ಕಲ್ಯಾಣ ಮಂಡಳಿ ಮಹಾರಾಷ್ಟ್ರದಲ್ಲಿದೆ. ದೊಡ್ಡ ಕಟ್ಟಡಗಳ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಅದಕ್ಕೆ ಹೋಗುತ್ತದೆ, ಎಂದರೆ ನೀವು ಕೊಂಡ ಹೊಸ ಫ್ಲ್ಯಾಟಿನ ಬೆಲೆಯಲ್ಲೂ ಅದರ ಪಾಲಿದೆ. ನೋಂದಾಯಿಸಿಕೊಂಡವರಿಗೆ ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತಕ್ಕೆ ನೆರವು. ನೋಂದಣಿಗೆ ಬೇಕಾದ್ದು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ. ನಾಕಾದಲ್ಲಿ ನಿಂತವನಿಗೆ ಇಂದು ಒಬ್ಬ ಠೇಕೇದಾರ, ನಾಳೆ ಇನ್ನೊಬ್ಬ; ಯಾರು ಸಹಿ ಹಾಕಬೇಕು? ಅರ್ಜಿ ಮರಾಠಿಯಲ್ಲಿ, ತುಂಬುವುದು ಆನ್‌ಲೈನಿನಲ್ಲಿ, ನಡುವೆ ಏಜೆಂಟ. ನಮ್ಮ ಸಂಘಗಳಲ್ಲಿ ಮರಾಠಿ ಓದಿ ಬರೆಯುವವರಿದ್ದಾರೆ, ಕಂಪ್ಯೂಟರ್ ಇದೆ, ವಾರದ ಐದು ದಿನ ಬೀಗ ಹಾಕಿದ ಕಚೇರಿಯಿದೆ. ನಮ್ಮವರಲ್ಲಿ ಬಿಲ್ಡರುಗಳಿದ್ದಾರೆ, ಠೇಕೇದಾರರಿದ್ದಾರೆ, ಪ್ರಮಾಣಪತ್ರಕ್ಕೆ ಸಹಿ ಹಾಕಬಲ್ಲವರಿದ್ದಾರೆ. ಭಾನುವಾರ ಎರಡು ತಾಸು ಸಾಕು.

ಎರಡನೆಯದು ಶಾಲೆ. ಈ ಕಡೆ ಉಳಿದಿರುವ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಈಗ ಕೂತಿರುವವರು ಯಾರ ಮಕ್ಕಳೆಂದು ಅಲ್ಲಿಯ ಶಿಕ್ಷಕರನ್ನು ಕೇಳಿ. ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಬಹಳ ಕಾಲವಾಯಿತು. ಆ ಬೆಂಚುಗಳನ್ನು ಹೆಚ್ಚಾಗಿ ತುಂಬಿರುವುದು ಉತ್ತರ ಕರ್ನಾಟಕದ ಕೂಲಿಯವರ ಮಕ್ಕಳು. ಸುಗ್ಗಿಗೆ ಊರಿಗೆ ಹೋದಾಗ ಅವರ ಹಾಜರಿ ತಪ್ಪುತ್ತದೆ, ಸೈಟು ಬದಲಾದಾಗ ಶಾಲೆಯೇ ತಪ್ಪುತ್ತದೆ. ಪ್ರತಿಭಾ ಪುರಸ್ಕಾರದ ಅರ್ಜಿಯಲ್ಲಿ ‘ನಮ್ಮ ಸದಸ್ಯರ ಮಕ್ಕಳಿಗೆ ಮಾತ್ರ’ ಎಂಬ ಸಾಲಿದೆ. ಶೇ. 85 ಪಡೆದು ವೇದಿಕೆಗೆ ಬರುವ ಮಗುವಿಗೆ ಕೊಡುವ ಹೂಗುಚ್ಛದ ಖರ್ಚಿನಲ್ಲಿ ಸೈಟಿನಿಂದ ಶಾಲೆಗೆ ಹೋಗುವ ಮಗುವಿಗೆ ತಿಂಗಳ ರಿಕ್ಷಾ ಬಾಡಿಗೆ ಆಗದಿದ್ದರೂ ಒಂದು ವಾರದ್ದಾದರೂ ಆಗುತ್ತದೆ.

ಮೂರನೆಯದೇ ಕಷ್ಟದ್ದು, ಸದಸ್ಯತ್ವ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರನ್ನು ಬಿಟ್ಟರೂ ಇಲ್ಲಿ ದೊಡ್ಡ ಸಂಖ್ಯೆಯೇ ಉಳಿಯುತ್ತದೆ. ಮಂತ್ರಿಗಳಿಗೆ ಮನವಿ ಕೊಡುವಾಗ ನಾವು ‘ಲಕ್ಷಾಂತರ ಕನ್ನಡಿಗರು’ ಎಂದು ಬರೆಯುತ್ತೇವೆ. ಆ ಲಕ್ಷಗಳಲ್ಲಿ ನಾಕಾದವರನ್ನು ಸೇರಿಸಿಕೊಳ್ಳುತ್ತೇವೆ, ರಿಜಿಸ್ಟರಿನಲ್ಲಿ ಸೇರಿಸಿಕೊಳ್ಳುವುದಿಲ್ಲ. ಅರ್ಜಿಗೆ ಇಬ್ಬರು ಹಳೆಯ ಸದಸ್ಯರ ಶಿಫಾರಸು ಬೇಕು, ಖಾಯಂ ವಿಳಾಸ ಬೇಕು, ಆಜೀವ ಸದಸ್ಯತ್ವದ ಹಣವನ್ನು ಒಂದೇ ಕಂತಿನಲ್ಲಿ ಕಟ್ಟಬೇಕು. ಯಾರನ್ನೂ ಹೊರಗಿಡಲು ಈ ನಿಯಮ ಮಾಡಿದ್ದಲ್ಲ, ನನಗೆ ಗೊತ್ತು. ಆದರೂ ಅದು ಹೊರಗಿಡುತ್ತದೆ. ವಿಳಾಸದ ಬದಲು ಸೈಟಿನ ಹೆಸರು, ಶಿಫಾರಸಿನ ಬದಲು ಮುಕದ್ದಮನ ಫೋನ್ ನಂಬರ್, ಹಣದ ಬದಲು ವರ್ಷಕ್ಕೊಂದು ಸಣ್ಣ ಮೊತ್ತ, ಇಷ್ಟು ಬದಲಾವಣೆ ಸಾಕು. ‘ಅವರಿಗೆ ನಮ್ಮ ಕಾರ್ಯಕ್ರಮದಲ್ಲಿ ಆಸಕ್ತಿಯಿಲ್ಲ’ ಎನ್ನುವವರಿಗೆ ಒಂದು ಪ್ರಶ್ನೆ: ಅವರನ್ನು ಯಾವ ಕಾರ್ಯಕ್ರಮಕ್ಕೆ, ಯಾವ ವಾರ, ಎಷ್ಟು ಗಂಟೆಗೆ ಕರೆದಿದ್ದಿರಿ? ಸಂಬಳದ ಖರ್ಚಿ ಸಿಗುವುದು ಯಾವ ದಿನ, ಸಂತೆಗೆ ಹೋಗುವುದು ಯಾವ ದಿನ ಎಂದು ಅವರನ್ನೇ ಕೇಳಿ ನಿಗದಿಮಾಡಿದರೆ ಬರುತ್ತಾರೋ ಇಲ್ಲವೋ ಗೊತ್ತಾಗುತ್ತದೆ.

ಬೈಲಾ ತಿದ್ದುಪಡಿಯಾಗಬೇಕಾದರೆ ವಾರ್ಷಿಕ ಮಹಾಸಭೆಗೆ ಮುಂಚಿತವಾಗಿ, ಲಿಖಿತವಾಗಿ ಸೂಚನೆ ಕೊಡಬೇಕು, ಒಬ್ಬರು ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ನಾನು ಸದಸ್ಯೆಯಾಗಿರುವ ಸಂಘದ ಗೌರವ ಕಾರ್ಯದರ್ಶಿಗಳು ಈ ಪತ್ರವನ್ನೇ ಆ ಸೂಚನೆಯೆಂದು ದಾಖಲಿಸಿಕೊಳ್ಳಬೇಕಾಗಿ ವಿನಂತಿ. ಮಂಡಿಸುವವಳು ನಾನು. ಅನುಮೋದಿಸುವವರು ಯಾರಾದರೂ ಇದ್ದರೆ ಸಭೆಗೆ ಮೊದಲೇ ತಿಳಿಸಿ. ತಾರಸಿಯ ಕೆಲಸ ಮಾಡಿಸಿದ ನನ್ನ ನೆರೆಯವರನ್ನು ಮೊದಲು ಕೇಳುವವಳಿದ್ದೇನೆ.

ಇತಿ ನಿಮ್ಮ,
ಡೊಂಬಿವಲಿ ಪೂರ್ವದ ಒಬ್ಬ ಆಜೀವ ಸದಸ್ಯೆ